ಮೊದಲ ಸೋಮವಾರಕ್ಕಾಗಿ ಹುಲ್ಲಿನ ಮೇಲೊಂದು ರಾತ್ರಿ

ಟೆನಿಸ್ ಇಷ್ಟಪಡುವವರಲ್ಲಿ ಬಹಳ ಮಂದಿಗೆ ಒಮ್ಮೆಯಾದರೂ ವಿಂಬಲ್ಡನ್ ಫೈನಲ್ ನೋಡಬೇಕೆಂಬ ಆಸೆ ಇರುತ್ತದೆ. ನನ್ನ ಮನಸ್ಸು ಮೊದಲಿನಿಂದಲೂ ಹಂಬಲಿಸಿದ್ದು ಮೊದಲ ಸೋಮವಾರಕ್ಕೆ. ಆ ದಿನ ಬೆಳಿಗ್ಗೆ ಪುರುಷರ ಪಟ್ಟಿಯಲ್ಲಿ 128, ಮಹಿಳೆಯರ ಪಟ್ಟಿಯಲ್ಲಿ 128 ಹೆಸರುಗಳಿರುತ್ತವೆ. ಒಬ್ಬರೂ ಇನ್ನೂ ಸೋತಿರುವುದಿಲ್ಲ. ಅರ್ಹತಾ ಸುತ್ತಿನಲ್ಲಿ ಬೆವರು ಹರಿಸಿ ಒಳಗೆ ಬಂದ ಹುಡುಗನಿಗೂ ಆರು ಸಲ ಪ್ರಶಸ್ತಿ ಗೆದ್ದವನಿಗೂ ಗೆಲ್ಲಬೇಕಾದ ಪಂದ್ಯಗಳು ಏಳೇ. ಅಂಗಣದ ಹುಲ್ಲು ಅಂಚಿನಿಂದ ಅಂಚಿಗೆ ಹಸಿರಾಗಿರುತ್ತದೆ. ಎರಡನೇ ವಾರ ಕಾಲಿಡುವ ಹೊತ್ತಿಗೆ ಬೇಸ್‌ಲೈನಿನ ಹಿಂದೆ ಮಣ್ಣು ಎದ್ದಿರುತ್ತದೆ, ಪಟ್ಟಿಯಲ್ಲಿ ಹದಿನಾರು ಹೆಸರುಗಳು ಮಾತ್ರ ಉಳಿದಿರುತ್ತವೆ, ಅಷ್ಟರಲ್ಲಿ ನಾವು ನೆಚ್ಚಿಕೊಂಡವರಲ್ಲಿ ಅರ್ಧ ಜನ ವಿಮಾನ ಹತ್ತಿರುತ್ತಾರೆ. ಮೊದಲ ದಿನದ ನಿರೀಕ್ಷೆಗೆ ಸಾಟಿಯಾದ ದಿನ ಇಡೀ ಟೂರ್ನಿಯಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. 2022ರ ಜೂನ್ 27ರ ಸೋಮವಾರಕ್ಕಾಗಿ ಹಿಂದಿನ ದಿನದಿಂದಲೇ ಟಿಕೆಟ್ಟಿನ ಸರತಿ ಸಾಲಿನಲ್ಲಿ ಕಾದಾಗ ಆ ನಂಬಿಕೆ ಮತ್ತಷ್ಟು ಗಟ್ಟಿಯಾಯಿತು.

ಆ ವರ್ಷದ ಕಾತರಕ್ಕೆ ಬೇರೆಯದೇ ತೂಕವಿತ್ತು. ಕೋವಿಡ್‌ನಿಂದಾಗಿ 2020ರಲ್ಲಿ ವಿಂಬಲ್ಡನ್ ನಡೆಯಲೇ ಇಲ್ಲ. ಎರಡನೇ ಮಹಾಯುದ್ಧದ ನಂತರ ಹಾಗಾದದ್ದು ಅದೇ ಮೊದಲು. 2021ರಲ್ಲಿ ಟೂರ್ನಿ ನಡೆಯಿತು, ಆದರೆ ಸಾಲು ಇರಲಿಲ್ಲ, ಟಿಕೆಟ್‌ಗಳೆಲ್ಲ ಆನ್‌ಲೈನಿನಲ್ಲಿ. ಅಂದರೆ 2019ರ ನಂತರ ಸಾಲು ಮತ್ತೆ ತೆರೆದುಕೊಳ್ಳುತ್ತಿದ್ದದ್ದು 2022ರಲ್ಲಿ. 1922ರಲ್ಲಿ ಈಗಿನ ಜಾಗದಲ್ಲಿ ಸೆಂಟರ್ ಕೋರ್ಟ್ ಆರಂಭವಾಗಿ ಆ ಬೇಸಿಗೆಗೆ ಸರಿಯಾಗಿ ನೂರು ವರ್ಷ ಬೇರೆ. ಇಂಗ್ಲೆಂಡಿಗೆ ಬಂದು ನೆಲೆಸಿದ ಮೇಲೆ ಸಾಲಿನಲ್ಲಿ ನಿಲ್ಲಬೇಕು ಎಂದುಕೊಂಡಾಗಲೆಲ್ಲ ಕೆಲಸವೋ ಊರಿನ ಪ್ರಯಾಣವೋ ಅಡ್ಡ ಬರುತ್ತಿತ್ತು. ಈ ಸಲ ಜನವರಿಯಲ್ಲೇ ಸೋಮವಾರದ ರಜೆ ಬರೆದುಕೊಟ್ಟಿದ್ದೆ.

ಟಿಕೆಟ್ ಸಿಗುವ ದಾರಿಗಳ ಬಗ್ಗೆ ಒಂದು ಮಾತು ಹೇಳಬೇಕು, ಯಾಕೆಂದರೆ ಈ ಸಾಲಿನ ಮೇಲೆ ನನಗಿರುವ ಪ್ರೀತಿಯ ಕಾರಣ ಅಲ್ಲೇ ಇದೆ. ಹತ್ತಾರು ಸಾವಿರ ಪೌಂಡ್ ಕೊಟ್ಟು ಐದು ವರ್ಷ ಸೀಟು ಕಾದಿರಿಸುವ ಡಿಬೆಂಚರ್ ಎಂಬ ಸಾಲಪತ್ರ ಕೊಳ್ಳುವವರು ಒಂದು ಬಗೆ. ಸಾರ್ವಜನಿಕ ಲಾಟರಿಗೆ ಅರ್ಜಿ ಹಾಕಿ ಅದೃಷ್ಟಕ್ಕೆ ಕಾಯುವವರು ಇನ್ನೊಂದು ಬಗೆ; ಆ ಪದ್ಧತಿ 1924ರಿಂದ ಇದೆ. ಎರಡೂ ಕೂಡಿಬರದವರಿಗೆ ಸಾಲು ನಿಲ್ಲುವ ವಿಂಬಲ್ಡನ್ ಪಾರ್ಕಿನ ಬಯಲಿದೆ. ಸೆಂಟರ್ ಕೋರ್ಟ್, ಒಂದನೇ ಅಂಗಣ, ಎರಡನೇ ಅಂಗಣ ಈ ಮೂರಕ್ಕೂ ದಿನಕ್ಕೆ ಸುಮಾರು ಐನೂರರಂತೆ ಟಿಕೆಟ್‌ಗಳನ್ನು ಸಾಲಿನಲ್ಲಿ ನಿಂತವರಿಗೆಂದೇ ಎತ್ತಿಡುತ್ತಾರೆ. ಸೆಂಟರ್ ಕೋರ್ಟಿಗೆ ಕೊನೆಯ ನಾಲ್ಕು ದಿನ ಮಾತ್ರ ಈ ಸೌಲಭ್ಯವಿಲ್ಲ. ಇವುಗಳ ಜೊತೆಗೆ, ಚಿಕ್ಕ ಅಂಗಣಗಳಲ್ಲಿ ಆಟ ನೋಡಬಹುದಾದ ಆವರಣದ ಪಾಸುಗಳು ಸಾವಿರಗಟ್ಟಲೆ. ಮೊದಲು ಬಂದವರಿಗೆ ಮೊದಲು, ಒಬ್ಬರಿಗೆ ಒಂದೇ ಟಿಕೆಟ್, ಇನ್ನೊಬ್ಬರಿಗೆ ವರ್ಗಾಯಿಸುವ ಹಾಗಿಲ್ಲ. ಜಗತ್ತಿನ ಅತಿ ದೊಡ್ಡ ಕ್ರೀಡಾಕೂಟಗಳಲ್ಲಿ ಆಟದ ದಿನವೇ ಬಂದು, ಮುಖಬೆಲೆ ಕೊಟ್ಟು, ಅತ್ಯುತ್ತಮ ಅಂಗಣದೊಳಗೆ ಹೋಗಿ ಕೂರುವ ಅವಕಾಶ ಇನ್ನೆಲ್ಲಿದೆ? ಇದನ್ನು ಅವರು ಯಾವತ್ತೂ ಕೈಬಿಡಬಾರದು.

ನನ್ನ ಜೊತೆಗೆ ಬಂದವನು ಹೆಂಡತಿಯ ತಮ್ಮ. ಮೈಸೂರಿನವನು, ರೆಡಿಂಗ್‌ನಲ್ಲಿ ಕೆಲಸ, ಟೆನಿಸ್ ವಿಷಯದಲ್ಲಿ ನನಗಿಂತ ಒಂದು ಕೈ ಮೇಲು. ಶುಕ್ರವಾರ ಬೆಳಿಗ್ಗೆ ಡ್ರಾ, ಅಂದರೆ ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ, ಹೊರಬಿದ್ದ ಕ್ಷಣದಿಂದ ಅವನ ಸಂದೇಶಗಳು ಒಂದರ ಹಿಂದೊಂದು ಬರತೊಡಗಿದವು. ಪಟ್ಟಿಯ ಯಾವ ಕಾಲುಭಾಗದಲ್ಲಿ ಯಾರಿದ್ದಾರೆ, ಯಾರಿಗೆ ಮೊದಲ ಸುತ್ತಿನಲ್ಲೇ ಸರ್ವ್ ಸಿಡಿಸುವ ಎತ್ತರದ ಆಳು ಎದುರಾಗಿದ್ದಾನೆ, ಜೊಕೊವಿಚ್ ಮತ್ತು ನಡಾಲ್ ಫೈನಲ್‌ಗೆ ಮೊದಲು ಮುಖಾಮುಖಿಯಾಗುವುದಿಲ್ಲ. ಕಚೇರಿಯಲ್ಲಿ ಕುಳಿತು ನಾನೂ ಮೊಬೈಲಿನಲ್ಲಿ ಆ ಉದ್ದದ ಪಟ್ಟಿಯನ್ನು ಮೇಲೆ ಕೆಳಗೆ ಸರಿಸುತ್ತಲೇ ಇದ್ದೆ. ಅಭಿಮಾನಿಗಳಿಗೆ ಟೂರ್ನಿ ಶುರುವಾಗುವುದು ಸೋಮವಾರವಾದರೂ ಹಬ್ಬ ಶುರುವಾಗುವುದು ಶುಕ್ರವಾರದಿಂದಲೇ.

ಭಾನುವಾರ ಮಧ್ಯಾಹ್ನ ಸೌತ್‌ಫೀಲ್ಡ್ಸ್ ನಿಲ್ದಾಣದಲ್ಲಿ ಇಳಿದೆವು. ಡಿಸ್ಟ್ರಿಕ್ಟ್ ಮಾರ್ಗದ ಈ ನಿಲ್ದಾಣ ಟೆನಿಸ್ ಕ್ಲಬ್ಬಿಗೆ ವಿಂಬಲ್ಡನ್ ಹೆಸರಿನ ನಿಲ್ದಾಣಕ್ಕಿಂತ ಹತ್ತಿರ. ಹೊಸಬರಿಗೆ ಇದು ಮೊದಲು ತಿಳಿದಿರಬೇಕಾದ ಸಂಗತಿ. ಬೆನ್ನಿಗೆ ಡೇರೆ, ಕೈಯಲ್ಲಿ ಸುರುಳಿ ಸುತ್ತಿದ ಚಾಪೆ ಹಿಡಿದ ಜನರ ಹಿಂದೆ ಹೋದರೆ ಸಾಕು, ದಾರಿ ಕೇಳಬೇಕಾಗಿಲ್ಲ. ಪಾರ್ಕಿನೊಳಗೆ ಸಾಲಿನ ತುದಿ ಎಲ್ಲಿದೆ ಎಂದು ತೋರಿಸಲು ಎತ್ತರದ ಕೋಲಿಗೆ ಬಾವುಟ ಕಟ್ಟಿರುತ್ತಾರೆ. ಅದರ ಬುಡದಲ್ಲಿದ್ದ ಸ್ವಯಂಸೇವಕರು ನಮ್ಮ ಕೈಗೆ ಒಂದೊಂದು ಕಾರ್ಡ್ ಕೊಟ್ಟರು. ಮೇಲೆ ತಾರೀಕು ಮತ್ತು ಒಂದು ಸಂಖ್ಯೆ, ಅಷ್ಟೇ. ನನ್ನ ಸಂಖ್ಯೆ ಐನೂರರ ಒಳಗಿತ್ತು. ಭಾವಮೈದುನ ನನ್ನ ಕಾರ್ಡನ್ನೂ ತನ್ನದನ್ನೂ ಒಟ್ಟಿಗೆ ಹಿಡಿದು ಮತ್ತೆ ಮತ್ತೆ ನೋಡಿದ. "ಭಾವ, ಇದನ್ನು ಪಾಸ್‌ಪೋರ್ಟಿನ ಜೊತೆ ಇಡಿ" ಎಂದ. ಆ ಕಾರ್ಡ್ ಕಳೆದುಕೊಂಡರೆ ಸಾಲಿನಲ್ಲಿ ನಮ್ಮ ಜಾಗವೂ ಹೋದಂತೆ. ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ರಾತ್ರಿಯೆಲ್ಲ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಸಾಲಿನ ಶಿಸ್ತು ದೊಡ್ಡದು, ಆದರೆ ಯಾರೂ ಗದರುವುದಿಲ್ಲ. ಡೇರೆ ಇಬ್ಬರು ಮಲಗುವಷ್ಟೇ ಇರಬೇಕು. ಒಲೆ ಹಚ್ಚುವಂತಿಲ್ಲ. ಬಾರದವರಿಗೆ ಜಾಗ ಹಿಡಿದಿಡುವಂತಿಲ್ಲ. ಶೌಚಾಲಯಕ್ಕೋ ತಿಂಡಿಗೋ ಹೋದವರು ಅರ್ಧ ಗಂಟೆಯೊಳಗೆ ಮರಳಬೇಕು. ರಾತ್ರಿ ಹತ್ತರ ನಂತರ ಗಲಾಟೆ ಸಲ್ಲದು. ಇಷ್ಟೆಲ್ಲ ಬರೆದ ಒಂದು ಪುಟ್ಟ ಕೈಪಿಡಿಯೇ ಇದೆ. ಸ್ವಯಂಸೇವಕರಲ್ಲಿ ಹೆಚ್ಚಿನವರು ವಯಸ್ಸಾದವರು. ಬಂದು ನಿಂತು ಎಲ್ಲಿಂದ ಬಂದಿರಿ, ಯಾರ ಆಟ ನೋಡಬೇಕು ಎಂದು ವಿಚಾರಿಸುತ್ತಾರೆ. ನಮ್ಮನ್ನು ವಿಚಾರಿಸಿದ ಹಿರಿಯರೊಬ್ಬರಿಗೆ ಬೆಂಗಳೂರು ಎಂದ ಕೂಡಲೇ ಮಹೇಶ್ ಭೂಪತಿ ನೆನಪಾದರು. 1999ರಲ್ಲಿ ಲಿಯಾಂಡರ್ ಪೇಸ್ ಜೊತೆ ಇಲ್ಲಿ ಡಬಲ್ಸ್ ಗೆದ್ದದ್ದನ್ನು ಅವರೇ ಹೇಳಿದರು. ಕೊಡಗಿನ ರೋಹನ್ ಬೋಪಣ್ಣ 2013 ಮತ್ತು 2015ರಲ್ಲಿ ಇಲ್ಲಿ ಡಬಲ್ಸ್ ಸೆಮಿಫೈನಲ್‌ವರೆಗೆ ಹೋಗಿದ್ದನ್ನು ನಾವು ಹೇಳಿದೆವು. ಆ ವರ್ಷ ಸಿಂಗಲ್ಸ್ ಮುಖ್ಯ ಸುತ್ತಿನಲ್ಲಿ ಭಾರತದವರು ಒಬ್ಬರೂ ಇರಲಿಲ್ಲ. ಆ ಕೊರಗು ನನಗೆ ಪ್ರತಿವರ್ಷದ್ದು. ರಮೇಶ್ ಕೃಷ್ಣನ್ 1986ರಲ್ಲಿ ಇಲ್ಲಿ ಕ್ವಾರ್ಟರ್ ಫೈನಲ್ ಆಡಿದವರು, ಅವರ ತಂದೆ ರಾಮನಾಥನ್ ಕೃಷ್ಣನ್ 1960 ಮತ್ತು 1961ರಲ್ಲಿ ಸೆಮಿಫೈನಲ್ ಆಡಿದವರು. ಅಂಥ ಹೆಸರೊಂದು ಪಟ್ಟಿಯಲ್ಲಿ ಮತ್ತೆ ಕಾಣಿಸಿದ ದಿನ ನಾನು ಮೂರು ರಾತ್ರಿ ಬೇಕಾದರೂ ಇಲ್ಲಿ ಮಲಗಲು ಸಿದ್ಧ.

ನಮ್ಮ ಡೇರೆಯ ಎಡಕ್ಕೆ ಯಾರ್ಕ್‌ಷೈರಿನ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಬಲಕ್ಕೆ ಟ್ಯುನೀಷಿಯಾದ ದಂಪತಿ, ಕೆಂಪು ಬಾವುಟದ ಸಮೇತ. ಅವರು ಬಂದಿದ್ದು ಆನ್ಸ್ ಜಬೇರ್‌ಗಾಗಿ, ಬೇರೆ ಯಾರಿಗಾಗಿಯೂ ಅಲ್ಲ. ಮೂರನೇ ಶ್ರೇಯಾಂಕದ ಜಬೇರ್ ಮರುದಿನ ಒಂದನೇ ಅಂಗಣದಲ್ಲಿ ಮೊದಲ ಪಂದ್ಯ ಆಡುವವರಿದ್ದರು. ಆ ಹೆಂಗಸು ತಮ್ಮ ದೇಶದ ಹುಡುಗಿಯೊಬ್ಬಳು ಈ ಎತ್ತರಕ್ಕೆ ಏರಿದ್ದನ್ನು ಹೇಳುವಾಗ ಕಣ್ಣು ತುಂಬಿಕೊಂಡರು. ಸಂಜೆಯ ತಿಂಡಿ ಹಂಚಿಕೊಂಡು ತಿಂದೆವು. ನಮ್ಮ ಮನೆಯ ಕೋಡುಬಳೆ, ಚಟ್ನಿಪುಡಿ ಸವರಿದ ಚಪಾತಿ, ಅವರ ಖರ್ಜೂರದ ಸಿಹಿ, ಶಿಕ್ಷಕಿಯ ಫ್ಲಾಸ್ಕಿನ ಚಹಾ. ಕೋಡುಬಳೆ ಹೇಗೆ ಮಾಡುತ್ತಾರೆಂದು ಶಿಕ್ಷಕಿ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ಇಡೀ ಡ್ರಾವನ್ನು ಕೈಯಾರೆ ಬರೆದಿದ್ದರು, ಗೆದ್ದವರ ಹೆಸರು ತುಂಬಲು ಮುಂದೆ ಗೆರೆಗಳನ್ನು ಖಾಲಿ ಬಿಟ್ಟು.

ಆ ಪುಸ್ತಕವನ್ನು ನಡುವೆ ಇಟ್ಟುಕೊಂಡು ಚರ್ಚೆ ಶುರುವಾಯಿತು. ಜೂನ್ ಕೊನೆಯಲ್ಲಿ ಇಲ್ಲಿ ಹತ್ತು ಗಂಟೆಯವರೆಗೂ ಬೆಳಕಿರುತ್ತದೆ, ಅಷ್ಟು ಹೊತ್ತೂ ಮಾತು ಮುಗಿಯಲಿಲ್ಲ. ಜೊಕೊವಿಚ್‌ಗೆ ಇದು ಸತತ ನಾಲ್ಕನೇ ಪ್ರಶಸ್ತಿಯ ಯತ್ನ. ಜನವರಿಯಲ್ಲಿ ಆಸ್ಟ್ರೇಲಿಯಾದಿಂದ ಗಡಿಪಾರಾಗಿ ಬಂದವರು, ಪ್ಯಾರಿಸ್‌ನಲ್ಲಿ ನಡಾಲ್‌ಗೆ ಸೋತವರು. ನಡಾಲ್ ಆ ವರ್ಷದ ಆಸ್ಟ್ರೇಲಿಯನ್ ಓಪನ್, ಫ್ರೆಂಚ್ ಓಪನ್ ಎರಡನ್ನೂ ಗೆದ್ದು, ನೋಯುವ ಪಾದವನ್ನು ಎಳೆದುಕೊಂಡು ಬಂದಿದ್ದರು. ಇಗಾ ಶ್ವಾಂಟೆಕ್ ಸತತ 35 ಪಂದ್ಯ ಗೆದ್ದಿದ್ದರು. ಹಿಂದಿನ ವರ್ಷ ಮೊದಲ ಸುತ್ತಿನಲ್ಲೇ ಜಾರಿ ಬಿದ್ದು ಅಳುತ್ತ ಹೊರನಡೆದ ಸೆರೀನಾ ವಿಲಿಯಮ್ಸ್ ವೈಲ್ಡ್ ಕಾರ್ಡ್ ಎಂಬ ವಿಶೇಷ ಆಹ್ವಾನ ಪಡೆದು ಮರಳುತ್ತಿದ್ದರು. ಇಲ್ಲದವರ ಲೆಕ್ಕವೂ ದೊಡ್ಡದೇ. ಮಹಿಳಾ ಚಾಂಪಿಯನ್ ಆ್ಯಶ್ಲಿ ಬಾರ್ಟಿ ಮಾರ್ಚ್‌ನಲ್ಲಿ ನಿವೃತ್ತಿ ಘೋಷಿಸಿದ್ದರು. 1998ರ ನಂತರ ಮೊದಲ ಬಾರಿಗೆ ರೋಜರ್ ಫೆಡರರ್ ಹೆಸರಿಲ್ಲದ ಡ್ರಾ ಅದು. ಆ ಪುಟದಲ್ಲಿ ಅವರ ಹೆಸರಿಗಾಗಿ ಕಣ್ಣು ಹುಡುಕಿದ್ದು ನನ್ನೊಬ್ಬನದೇ ಅಲ್ಲ.

ಯುಕ್ರೇನ್ ಯುದ್ಧದ ಕಾರಣಕ್ಕೆ ರಷ್ಯಾ ಮತ್ತು ಬೆಲಾರೂಸ್ ಆಟಗಾರರನ್ನು ಆ ವರ್ಷ ಹೊರಗಿಟ್ಟಿದ್ದರು. ಅದಕ್ಕೆ ಉತ್ತರವಾಗಿ ಪುರುಷರ ಟೆನಿಸ್ ಸಂಸ್ಥೆ ಎಟಿಪಿ, ಮಹಿಳೆಯರ ಸಂಸ್ಥೆ ಡಬ್ಲ್ಯುಟಿಎ ಎರಡೂ ರ‍್ಯಾಂಕಿಂಗ್ ಅಂಕಗಳನ್ನು ಕಿತ್ತುಕೊಂಡಿದ್ದವು. ಅಂಕವಿಲ್ಲದ ಟೂರ್ನಿ ಪ್ರದರ್ಶನ ಪಂದ್ಯದಂತಾಗುತ್ತದೆ ಎಂಬ ಮಾತು ಆಗ ಜೋರಾಗಿ ಕೇಳಿಬಂದಿತ್ತು. ಆ ಬಯಲಿನಲ್ಲಿ ಒಂದು ಸುತ್ತು ಹಾಕಿದ ಯಾರೂ ಹಾಗೆ ಹೇಳುತ್ತಿರಲಿಲ್ಲ. ಮೆಡ್ವೆಡೆವ್, ರುಬ್ಲೆವ್, ಸಬಲೆಂಕಾ ಇಲ್ಲದ್ದು ನನಗೆ ನಷ್ಟವೆಂದೇ ತೋರಿತು, ಈಗಲೂ ಹಾಗೆಯೇ ತೋರುತ್ತದೆ. ಆದರೆ ಹುಲ್ಲಿನ ಮೇಲೆ ಮಲಗಿ ಬೆಳಗು ಕಾಯುತ್ತಿದ್ದವರಲ್ಲಿ ಅಂಕಗಳ ಲೆಕ್ಕ ಹಾಕಿದವರು ಒಬ್ಬರೂ ಸಿಗಲಿಲ್ಲ. ಈ ಟೂರ್ನಿಯ ಬೆಲೆ ಎಲ್ಲಿಂದ ಬರುತ್ತದೆ ಎಂದು ಕೇಳುವವರಿಗೆ ಆ ಸಾಲನ್ನು ತೋರಿಸಿದರೆ ಸಾಕು.

ನಿದ್ದೆ ಬಂತೆಂದು ಹೇಳಲಾರೆ. ನೆಲದ ತಂಪು ಚಾಪೆಯನ್ನು ದಾಟಿ ಬೆನ್ನಿಗೆ ತಾಗುತ್ತಿತ್ತು, ಡೇರೆಯ ಬಟ್ಟೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಭಾವಮೈದುನ ಮಾತ್ರ ಗಾಢ ನಿದ್ದೆ ಮಾಡಿದ. ಐದು ಗಂಟೆ ದಾಟುತ್ತಿದ್ದಂತೆ ಸ್ವಯಂಸೇವಕರು ಡೇರೆಗಳ ನಡುವೆ ನಡೆಯುತ್ತ, ಬಟ್ಟೆಯ ಮೇಲೆ ಮೆಲ್ಲಗೆ ತಟ್ಟಿ, ಎಲ್ಲರನ್ನೂ ಎಬ್ಬಿಸಿದರು. ಅಷ್ಟು ಹೊತ್ತಿಗಾಗಲೇ ಸೂರ್ಯ ಹುಟ್ಟಿಯಾಗಿತ್ತು. ಡೇರೆ ಬಿಚ್ಚಿ ಸುತ್ತಬೇಕು, ಸಾಲು ಒತ್ತಾಗಿ ಮುಂದೆ ಸರಿಯಬೇಕು, ಬೆಳಗಿನ ರೈಲಿಗೆ ಬರುವವರಿಗೆ ಹಿಂದೆ ಜಾಗವಾಗಬೇಕು. ಹಿಂದಿನ ಸಂಜೆ ಊರಿನ ಸಂತೆಯಂತೆ ಹರಡಿಕೊಂಡಿದ್ದ ಬಯಲು ಒಂದು ಗಂಟೆಯೊಳಗೆ ನೇರವಾದ ಸಾಲುಗಳಾಯಿತು. ಹಲ್ಲುಜ್ಜುವ ಸಾಲು, ಕಾಫಿಯ ಸಾಲು, ಡೇರೆ ಮತ್ತು ಹಾಸಿಗೆಯನ್ನು ಶುಲ್ಕ ಕೊಟ್ಟು ಒಪ್ಪಿಸುವ ಸಾಲು. ಒಳಗೆ ಒಯ್ಯುವ ಚೀಲ 40 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರ ಮೀರಬಾರದು. ನಾವು ಮನೆಯಲ್ಲೇ ಅಳತೆಪಟ್ಟಿ ಹಿಡಿದು ಚೀಲ ಆರಿಸಿದ್ದೆವು.

ಬೆಳಗಿನ ಅತಿ ದೊಡ್ಡ ಘಟನೆ ಕೈಪಟ್ಟಿ. ಸಾಲಿನ ಮುಂಭಾಗದಿಂದ ಸ್ವಯಂಸೇವಕರು ಬರುತ್ತಾರೆ, ಕಾರ್ಡಿನ ಸಂಖ್ಯೆ ನೋಡುತ್ತಾರೆ, ಯಾವ ಅಂಗಣ ಎಂದು ಕೇಳುತ್ತಾರೆ. ಹೇಳಿದ ಅಂಗಣದ ಬಣ್ಣದ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತುತ್ತಾರೆ. ಮುಂದೆ ಇರುವವರಿಗೆ ಮೂರರಲ್ಲಿ ಯಾವುದನ್ನಾದರೂ ಆರಿಸುವ ಸ್ವಾತಂತ್ರ್ಯ. ಸೆಂಟರ್ ಕೋರ್ಟಿನಲ್ಲಿ ಜೊಕೊವಿಚ್, ಆಮೇಲೆ ಎಮ್ಮಾ ರಾಡುಕಾನು, ಕೊನೆಗೆ ಆ್ಯಂಡಿ ಮರ‍್ರೆ. ಒಂದನೇ ಅಂಗಣದಲ್ಲಿ ಜಬೇರ್, ಜೊತೆಗೆ ಹತ್ತೊಂಬತ್ತರ ಹುಡುಗ ಕಾರ್ಲೊಸ್ ಅಲ್ಕರಾಜ್. ಭಾವಮೈದುನನಿಗೆ ಆ ಹುಡುಗನೆಂದರೆ ಪ್ರಾಣ. ಮೇ ತಿಂಗಳಲ್ಲಿ ಮ್ಯಾಡ್ರಿಡ್‌ನಲ್ಲಿ ಒಂದು ದಿನ ನಡಾಲ್‌ರನ್ನು, ಮರುದಿನವೇ ಜೊಕೊವಿಚ್‌ರನ್ನು ಸೋಲಿಸಿದ್ದನ್ನು ನೋಡಿದಾಗಿನಿಂದ ಬೇರೆ ಹೆಸರೇ ಅವನ ಬಾಯಲ್ಲಿ ಬರುತ್ತಿರಲಿಲ್ಲ.

"ಭಾವ, ನೀವು ಸೆಂಟರ್ ಕೋರ್ಟಿಗೆ ಹೋಗಿ, ನಾನು ಅಲ್ಕರಾಜ್‌ನನ್ನು ನೋಡುತ್ತೇನೆ. ಬೇಸರ ಮಾಡಿಕೊಳ್ಳಬೇಡಿ."

"ಬೇಸರ ಯಾಕೆ ಮಾರಾಯ? ಹುಲ್ಲಿನ ಮೇಲೆ ಅವನು ಹೇಗೆ ಆಡುತ್ತಾನೆ ಎಂದು ಸಂಜೆ ನನಗೆ ಒಂದೊಂದು ಗೇಮೂ ಹೇಳಬೇಕು."

ಹೀಗೆ ಒಂದೇ ಡೇರೆಯಲ್ಲಿ ಮಲಗಿದ ನಾವು ಬೇರೆ ಬೇರೆ ಬಣ್ಣದ ಪಟ್ಟಿ ಕಟ್ಟಿಸಿಕೊಂಡೆವು. ಟ್ಯುನೀಷಿಯಾದವರಿಗೆ ಒಂದನೇ ಅಂಗಣವೇ ಸಿಕ್ಕಿತು. ಪಟ್ಟಿ ಕಟ್ಟುತ್ತಿದ್ದಂತೆ ಆ ಹೆಂಗಸು ಬಾವುಟವನ್ನು ಹೆಗಲಿಗೆ ಹೊದ್ದುಕೊಂಡರು. ಶಿಕ್ಷಕಿ ಬೇಕೆಂದೇ ಆವರಣದ ಪಾಸು ಮಾತ್ರ ಆರಿಸಿಕೊಂಡರು. ಮೊದಲ ದಿನ ಚಿಕ್ಕ ಅಂಗಣಗಳನ್ನು ಬಿಟ್ಟು ದೊಡ್ಡದರೊಳಗೆ ಕೂರುವುದು ತಮಗೆ ಆಗದು ಎಂದರು. ಅವರ ಮಾತಿನಲ್ಲಿ ಎಷ್ಟು ಹುರುಳಿತ್ತೆಂದು ಹನ್ನೊಂದು ಗಂಟೆಗೆ ನನಗೂ ಗೊತ್ತಾಯಿತು.

ಹತ್ತರ ಸುಮಾರಿಗೆ ತಪಾಸಣೆ ಮುಗಿಸಿ, ಹಣ ಕೊಟ್ಟು, ಟಿಕೆಟ್ ಕೈಗೆ ಬಂದು, ಒಳಗೆ ಕಾಲಿಟ್ಟೆ. ಹಗ್ಗದ ಆಚೆ ನೇರಳೆ, ಬಿಳಿ ಹೂಗಳ ಸಾಲು, ಗಾಢ ಹಸಿರು ಗೋಡೆಗಳು. ಡ್ರಾವನ್ನು ದೊಡ್ಡದಾಗಿ ಬರೆದ ಹಲಗೆಯ ಮುಂದೆ ಜನ ಮುತ್ತಿದ್ದರು. ಎರಡನೇ ಸುತ್ತಿನಿಂದ ಮುಂದಕ್ಕೆ ಒಂದಕ್ಷರವೂ ಇಲ್ಲದ ಆ ಹಲಗೆಯನ್ನು ಬಹಳ ಹೊತ್ತು ನೋಡಿದೆ. ಅಲ್ಲಿ ನಿಂತ ಪ್ರತಿಯೊಬ್ಬರೂ ಮನಸ್ಸಿನಲ್ಲೇ ಅದನ್ನು ಕೊನೆಯವರೆಗೆ ತುಂಬುತ್ತಿದ್ದರು.

ಸೆಂಟರ್ ಕೋರ್ಟಿನಲ್ಲಿ ಆಟ ಶುರುವಾಗುವುದು ಒಂದೂವರೆಗೆ. ಹೊರಗಿನ ಅಂಗಣಗಳಲ್ಲಿ ಹನ್ನೊಂದಕ್ಕೇ. ಮೊದಲು ಹೋದದ್ದು ಹದಿನೆಂಟನೇ ಅಂಗಣಕ್ಕೆ. 2010ರಲ್ಲಿ ಜಾನ್ ಇಸ್ನರ್ ಮತ್ತು ನಿಕೋಲಸ್ ಮಾಹುಟ್ ಮೂರು ದಿನಗಳಲ್ಲಿ 11 ಗಂಟೆ 5 ನಿಮಿಷ ಆಡಿದ್ದು ಅಲ್ಲಿಯೇ. ಐದನೇ ಸೆಟ್ 70-68. ಅದನ್ನು ನೆನಪಿಸುವ ಫಲಕ ಗೋಡೆಯ ಮೇಲಿದೆ. ಅಂಥ ಪಂದ್ಯ ಇನ್ನು ಸಾಧ್ಯವಿಲ್ಲ, ಏಕೆಂದರೆ 2022ರಿಂದ ಕೊನೆಯ ಸೆಟ್ 6-6 ಆದರೆ ಹತ್ತು ಅಂಕಗಳ ಟೈಬ್ರೇಕ್ ಎಂಬ ನಿರ್ಣಾಯಕ ಗೇಮ್. ಆಟಗಾರರ ದೇಹಕ್ಕೆ ಅದು ಒಳ್ಳೆಯದೆಂದು ಒಪ್ಪುತ್ತೇನೆ. ಫಲಕದ ಮೇಲಿನ ಅಂಕಿಗಳನ್ನು ಬೆರಳಿನಲ್ಲಿ ಮುಟ್ಟುವಾಗ ಮಾತ್ರ ಆ ಹಳೆಯ ನಿಯಮದ ಮೇಲೆ ಪ್ರೀತಿ ಉಕ್ಕಿತು.

ಚಿಕ್ಕ ಅಂಗಣಗಳ ಸುಖ ಬೇರೆಯೇ. ನಾಲ್ಕು ಮೆಟ್ಟಿಲಿನಷ್ಟು ದೂರದಲ್ಲಿ ಆಟಗಾರ ನಿಂತಿರುತ್ತಾನೆ. ಸರ್ವ್‌ಗೆ ಮೊದಲು ಮೂರು ಚೆಂಡು ಕೈಗೆತ್ತಿಕೊಂಡು ಒಂದನ್ನು ಹಿಂದಕ್ಕೆ ಎಸೆಯುತ್ತಾನೆ, ರೋಮ ಏಳದ ಚೆಂಡು ಹುಡುಕಿ ಇಟ್ಟುಕೊಳ್ಳುತ್ತಾನೆ. ರೋಮ ಮೈಗೆ ಅಂಟಿ ಮಲಗಿದಷ್ಟೂ ಚೆಂಡು ಗಾಳಿಯಲ್ಲಿ ಚುರುಕಾಗಿ ಸಾಗುತ್ತದೆ. ಹುಲ್ಲು ಬರೀ ಎಂಟು ಮಿಲಿಮೀಟರ್ ಎತ್ತರ, ಪೂರ್ತಿ ರೈ ಹುಲ್ಲು. ಮೊದಲ ದಿನ ಅದರಲ್ಲಿ ರಸ ತುಂಬಿರುತ್ತದೆ, ಹೀಗಾಗಿ ಚೆಂಡು ಪುಟಿಯುವುದಕ್ಕಿಂತ ಸರಕ್ಕನೆ ಜಾರುತ್ತದೆ. ಟಿವಿಯಲ್ಲಿ ಎಷ್ಟು ವರ್ಷ ನೋಡಿದರೂ ಆ ಜಾರುವಿಕೆ ಕಣ್ಣಿಗೆ ಬಿದ್ದಿರಲಿಲ್ಲ. ಸ್ಲೈಸ್ ಮಾಡಿದ, ಅಂದರೆ ಕೆಳಮುಖವಾಗಿ ಕತ್ತರಿಸಿದಂತೆ ಹೊಡೆದ ಚೆಂಡೊಂದು ಎದುರಾಳಿಯ ಪಾದದ ಕೀಲಿನ ಎತ್ತರಕ್ಕೂ ಏಳಲಿಲ್ಲ. ಅವನು ಮೊಣಕಾಲನ್ನು ಹುಲ್ಲಿಗೆ ತಾಗಿಸಿಯೇ ಹೊಡೆದ. ಎದ್ದು ನಿಂತಾಗ ಬಿಳಿ ಸಾಕ್ಸಿನ ಮೇಲೆ ಹಸಿರು ಕಲೆ. ಅವನ ಹೆಸರನ್ನು ನಾನು ಮೊದಲ ಸಲ ಕೇಳಿದ್ದು ಅವತ್ತೇ. ಅರ್ಧ ಗಂಟೆಯಲ್ಲಿ ಅವನ ಪ್ರತಿ ಅಂಕಕ್ಕೂ ಕೈ ಬಿಗಿಹಿಡಿದು ಕೂರುವಷ್ಟು ನಮ್ಮವನಾಗಿದ್ದ.

ಆಮೇಲೆ ಮಳೆ ಬಂತು. ಅಂಗಣದ ಸಿಬ್ಬಂದಿ ಓಡಿ ಬಂದು ನೆಟ್ ಇಳಿಸಿ, ಹಸಿರು ಹೊದಿಕೆ ಎಳೆದರು. ಮುಚ್ಚಿ ಮುಗಿಸಲು ಹಿಡಿದ ಸಮಯ ನನ್ನ ಕೊಡೆ ಬಿಚ್ಚುವ ಸಮಯಕ್ಕಿಂತ ಸ್ವಲ್ಪವೇ ಹೆಚ್ಚು. ಎರಡೂವರೆ ಪೌಂಡಿನ ಸ್ಟ್ರಾಬೆರಿ ಮತ್ತು ಕೆನೆ ತಿಂದೆ. 2010ರಿಂದ ಅದೇ ಬೆಲೆ ಉಳಿಸಿಕೊಂಡು ಬಂದಿದ್ದರು. ಕೆಂಟ್ ಪ್ರಾಂತ್ಯದ ತೋಟದ ಹಣ್ಣು, ಹುಳಿ ಲವಲೇಶವೂ ಇರಲಿಲ್ಲ.

ಸೆಂಟರ್ ಕೋರ್ಟಿನ ಮೆಟ್ಟಿಲು ಹತ್ತಿ, ಕತ್ತಲೆಯ ಓಣಿಯಂಥ ದ್ವಾರ ದಾಟಿದ ಮೇಲೆ ಕಣ್ಣೆದುರು ಆ ಹಸಿರು. ಶಿವಮೊಗ್ಗದ ಮನೆಯಲ್ಲಿ ದೂರದರ್ಶನದ ಪರದೆಯ ಮೇಲೆ ಬೆಕರ್ ಮತ್ತು ಎಡ್‌ಬರ್ಗ್ ಆಡುತ್ತಿದ್ದಾಗ ಇದು ಬೂದು ಬಣ್ಣದ ಚೌಕವಾಗಿತ್ತು. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕ ಜಾಗ. ಸುಮಾರು ಹದಿನೈದು ಸಾವಿರ ಜನ ಕೂರುತ್ತಾರೆ ಎಂದು ಗೊತ್ತಿದ್ದರೂ ಎಲ್ಲರೂ ಅಂಗಣದ ಮೈಮೇಲೆಯೇ ಬಗ್ಗಿ ಕೂತ ಹಾಗೆ ಕಾಣುತ್ತಿತ್ತು. 2009ರಲ್ಲಿ ಬಂದ ಛಾವಣಿ ಮುಚ್ಚಿತ್ತು. ಮಳೆಯ ಸದ್ದು ಮೇಲೆ ಎಲ್ಲೋ ಸಣ್ಣಗೆ ಕೇಳುತ್ತಿತ್ತು.

ಹಾಲಿ ಚಾಂಪಿಯನ್ ಮೊದಲ ಸೋಮವಾರ ಈ ಅಂಗಣವನ್ನು ಉದ್ಘಾಟಿಸುವುದು ಇಲ್ಲಿಯ ಸಂಪ್ರದಾಯ. ಜೊಕೊವಿಚ್ ಮತ್ತು ದಕ್ಷಿಣ ಕೊರಿಯಾದ ಕ್ವಾನ್ ಸೂನ್‌ವೂ ಒಳಗೆ ಬಂದಾಗ ಎಲ್ಲರೂ ಎದ್ದು ನಿಂತರು. ಪಕ್ಕದ ಸೀಟಿನಲ್ಲಿದ್ದ ಅಪರಿಚಿತ ನನ್ನ ಭುಜ ತಟ್ಟಿದ. ಬೆಳಿಗ್ಗೆ ಅದೇ ಬಯಲಿನಲ್ಲಿ ಅವನೂ ಎದ್ದವನೇ. ಕೈಪಟ್ಟಿ ನೋಡಿ ಪರಸ್ಪರ ಗುರುತು ಹಿಡಿದೆವು. ಅಭ್ಯಾಸದ ಐದು ನಿಮಿಷಗಳಲ್ಲಿ ನಾನು ಚೆಂಡು ನೋಡಲಿಲ್ಲ, ಕಾಲುಗಳನ್ನು ನೋಡಿದೆ. 2021ರಲ್ಲಿ ಒಂದೇ ದಿನ ಸೆರೀನಾ ಮತ್ತು ಮನ್ನಾರಿನೊ ಇಬ್ಬರೂ ಇದೇ ಅಂಗಣದಲ್ಲಿ ಜಾರಿ ಗಾಯಗೊಂಡಿದ್ದರು. ಬಿಸಿಲು ಕಾಣದ, ಮುಚ್ಚಿದ ಛಾವಣಿಯ ಕೆಳಗಿನ ಹೊಸ ಹುಲ್ಲು ಇನ್ನಷ್ಟು ಜಾರುತ್ತದೆ. ಹಾಗಾಗಬಾರದೆಂದು 2022ರಲ್ಲಿ ಟೂರ್ನಿಗೆ ಮೊದಲೇ ಆಟಗಾರರನ್ನು ಸೆಂಟರ್ ಕೋರ್ಟಿನ ಮೇಲೆ ಅಭ್ಯಾಸಕ್ಕೆ ಬಿಟ್ಟಿದ್ದರು. ಆದರೂ ಜೊಕೊವಿಚ್ ಮೊದಲ ಕೆಲವು ಗೇಮ್‌ಗಳಲ್ಲಿ ದಿಕ್ಕು ಬದಲಿಸುವಾಗ ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಿದ್ದರು, ಪಾದದಿಂದ ಹುಲ್ಲನ್ನು ಕೇಳಿ ಕೇಳಿ ನೋಡುವವರಂತೆ.

ಕ್ವಾನ್‌ಗೆ ಅಂಥ ಅಂಜಿಕೆ ಇರಲಿಲ್ಲ. ಆರಂಭದಲ್ಲೇ ಚಾಂಪಿಯನ್ನನ ಸರ್ವ್ ಮುರಿದ, ಅಂದರೆ ಚಾಂಪಿಯನ್ ಸರ್ವ್ ಮಾಡಿದ ಗೇಮನ್ನೇ ಗೆದ್ದ. ಛಾವಣಿಯ ಕೆಳಗೆ ಅವನ ಫೋರ್‌ಹ್ಯಾಂಡಿನ ಸದ್ದು ಮರಕ್ಕೆ ಕೊಡಲಿ ಬಿದ್ದಂತೆ ಮೊಳಗುತ್ತಿತ್ತು. ಮೊದಲ ಸೆಟ್ ಹೇಗೋ ಜೊಕೊವಿಚ್‌ಗೆ ಬಂತು, ಎರಡನೆಯದು ಕ್ವಾನ್‌ಗೆ. ಆಗ ಅಂಗಣದಲ್ಲಿ ಎದ್ದ ಗುಜುಗುಜು ಮೊದಲ ದಿನಕ್ಕೆ ಮಾತ್ರ ಸಲ್ಲುವಂಥದ್ದು: ಇವತ್ತೇ ಏನಾದರೂ ಆಗಿಬಿಟ್ಟರೆ? ಕೊನೆಗೆ 6-3, 3-6, 6-3, 6-4. ನಾಲ್ಕೂ ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ತಲಾ 80 ಪಂದ್ಯ ಗೆದ್ದ ಮೊದಲ ಆಟಗಾರ ಎಂಬ ದಾಖಲೆ ಜೊಕೊವಿಚ್ ಪಾಲಾಯಿತು. ಸೋತ ಕ್ವಾನ್ ಚೀಲ ಹೆಗಲಿಗೇರಿಸಿ ಹೊರಟಾಗ ಬಿದ್ದ ಚಪ್ಪಾಳೆ ಗೆದ್ದವರಿಗೆ ಬಿದ್ದದ್ದಕ್ಕಿಂತ ಕಡಿಮೆಯಿರಲಿಲ್ಲ. ಬೆಳಗಿನ ಹಲಗೆಯ 128ರಲ್ಲಿ ಅವನ ಹೆಸರು ಅಲ್ಲಿಗೆ ನಿಂತಿತು.

ರಾಡುಕಾನು ಮೊದಲ ಬಾರಿ ಸೆಂಟರ್ ಕೋರ್ಟಿಗೆ ಬಂದಾಗ ಎದ್ದ ಕೂಗನ್ನು ಬರೆದು ತಿಳಿಸುವುದು ಕಷ್ಟ. ಹಿಂದಿನ ಸೆಪ್ಟೆಂಬರ್‌ನಲ್ಲಿ ಅರ್ಹತಾ ಸುತ್ತಿನಿಂದ ಬಂದು ಯುಎಸ್ ಓಪನ್ ಗೆದ್ದವಳು, ತನ್ನ ಊರಿನಲ್ಲಿ ಆಡುತ್ತಿದ್ದಾಳೆ. ಬೆಲ್ಜಿಯಮ್ಮಿನ ಅಲಿಸನ್ ವಾನ್ ಉಯಿಟ್‌ವಾಂಕ್ ವಿರುದ್ಧ 6-4, 6-4. ಆಮೇಲೆ ಮರ‍್ರೆ, ಸೊಂಟಕ್ಕೆ ಲೋಹದ ಕೀಲು ಹಾಕಿಸಿಕೊಂಡ ಮೇಲೂ ಆಟ ಬಿಡದ ಮನುಷ್ಯ. ಮೊದಲ ಸೆಟ್ ಸೋತು, ಎದುರಾಳಿ ಜೇಮ್ಸ್ ಡಕ್‌ವರ್ತ್ ಬೇಸ್‌ಲೈನಿನಿಂದ ತುಂಬ ಹಿಂದೆ ನಿಂತದ್ದು ನೋಡಿ, ನಡುವೆ ಒಮ್ಮೆ ಕೈ ಕೆಳಗಿನಿಂದ ಸರ್ವ್ ಮಾಡಿದರು. ಇಡೀ ಕ್ರೀಡಾಂಗಣ ಒಂದು ಕ್ಷಣ ತಬ್ಬಿಬ್ಬಾಗಿ ಮರುಕ್ಷಣ ಕುಣಿಯಿತು. ಪಂದ್ಯ ನಾಲ್ಕು ಸೆಟ್‌ಗಳಲ್ಲಿ ಅವರದಾಯಿತು.

ಈ ನಡುವೆ ಒಂದನೇ ಅಂಗಣದಿಂದ ಸಂದೇಶಗಳು ಬರುತ್ತಲೇ ಇದ್ದವು. ಜಬೇರ್ 6-1, 6-3ರಿಂದ ಗೆದ್ದರು, ಟ್ಯುನೀಷಿಯಾದವರ ಬಾವುಟ ಇನ್ನೂ ಕೆಳಗಿಳಿದಿಲ್ಲ. ಅಲ್ಕರಾಜ್ ಜರ್ಮನಿಯ ಸ್ಟ್ರಫ್ ವಿರುದ್ಧ ಎರಡು ಸೆಟ್ ಹಿಂದೆ, ಒಂದು ಮುಂದೆ. ನಾಲ್ಕನೆಯದು ಟೈಬ್ರೇಕಿನಲ್ಲಿ ಉಳಿಯಿತು. ಐದನೆಯದೂ ಬಂತು, ಗೆದ್ದ! ಕನ್ನಡದಲ್ಲಿ ಬರೆಯುತ್ತಿದ್ದವನು ಕೊನೆಕೊನೆಗೆ ಬರೀ ಆಶ್ಚರ್ಯಸೂಚಕಗಳನ್ನು ಕಳಿಸಿದ.

ರಾತ್ರಿ ಹೊರಬಂದಾಗ ಅವನು ಸಾಮಾನು ಒಪ್ಪಿಸಿದ ಕೌಂಟರಿನ ಬಳಿ ಕಾಯುತ್ತಿದ್ದ. ಗಂಟಲು ಕಟ್ಟಿತ್ತು. ಹುಲ್ಲಿನ ಮೇಲೆ ಆ ಹುಡುಗ ಇನ್ನೂ ಕಲಿಯುತ್ತಿದ್ದಾನೆ, ಡ್ರಾಪ್ ಶಾಟ್ ಮಾತ್ರ ಈಗಲೇ ಯಾರಿಗೂ ಇಲ್ಲದಂಥದ್ದು ಎಂದು ಒಂದೊಂದಾಗಿ ವರದಿ ಒಪ್ಪಿಸಿದ. ಡೇರೆ ಹೆಗಲಿಗೇರಿಸಿಕೊಂಡ ಮೇಲೆ ನಿಲ್ದಾಣದ ಕಡೆ ತಿರುಗದೆ ಪಾರ್ಕಿನತ್ತ ನೋಡುತ್ತ ನಿಂತ. ಮಂಗಳವಾರದ ಸಾಲು ಆಗಲೇ ಬೆಳೆದಿತ್ತು.

"ಭಾವ, ನಾಳೆ ಸೆರೀನಾ ಇದ್ದಾರೆ, ನಡಾಲ್ ಇದ್ದಾರೆ. ಸೆಂಟರ್ ಕೋರ್ಟ್ ಸಿಗುವುದಿಲ್ಲ, ಗೊತ್ತು. ಆವರಣದ ಗುಡ್ಡದ ಮೇಲೆ ಕೂತು ದೊಡ್ಡ ಪರದೆಯಲ್ಲಿ ನೋಡುತ್ತೇನೆ. ಅಕ್ಕನಿಗೆ ನೀವೇ ಹೇಳಿಬಿಡಿ."

ಉಳಿದಿದ್ದ ಚಪಾತಿ, ಚಟ್ನಿಪುಡಿಯ ಡಬ್ಬಿ, ನನ್ನ ಕೊಡೆ ಮೂರನ್ನೂ ಅವನ ಕೈಗೆ ಕೊಟ್ಟೆ. ಬಾವುಟದ ಕೋಲಿನ ಕಡೆ ಅವನು ಓಡುವ ನಡಿಗೆಯಲ್ಲಿ ಹೊರಟ. ನಾನು ರೈಲಿನಲ್ಲಿ ಕುಳಿತು ಮಂಗಳವಾರದ ಪಂದ್ಯಗಳ ಪಟ್ಟಿ ತೆರೆದೆ.